ಎರಡು ನಾಲಿಗೆಯಕ್ಕ

ಸೇತುವೆಯ ಈಚೆ ತುದಿಯ ಸುಂಕದ ಕಚೇರಿಯಲ್ಲಿ ಲಾರಿಗಳ ತೂಕ ಬರೆದುಕೊಳ್ಳುವ ಗುಮಾಸ್ತನಾಗಿ ನಾನು ಸೇರಿಕೊಂಡಾಗ, ಮೂರನೆಯ ಕಿಟಕಿಯ ಹಿಂದಿನ ಕುರ್ಚಿಯಲ್ಲಿ ಅಕ್ಕ ಆಗಲೇ ಹನ್ನೊಂದು ವರ್ಷ ಸವೆಸಿದ್ದರು. ನದಿ ದಾಟಿದರೆ ಬೇರೆ ದೇಶ. ಅಲ್ಲಿಂದ ಬರುವ ಸರಕಿನ ಕಾಗದವೆಲ್ಲ ಆ ದೇಶದ ಭಾಷೆಯಲ್ಲಿರುತ್ತಿತ್ತು. ಅದನ್ನು ಓದಿ ನಮ್ಮ ಭಾಷೆಯಲ್ಲಿ ಬರೆಯುವುದು, ನಮ್ಮ ಕಾಗದವನ್ನು ಅವರ ಭಾಷೆಯಲ್ಲಿ ಬರೆದು ಮೊಹರು ಒತ್ತುವುದು, ಇದು ಅಕ್ಕನ ಕೆಲಸ. ಸಿಮೆಂಟು, ಈರುಳ್ಳಿ, ಹಳೇ ಟಯರು, ಗಾಜಿನ ಹಾಳೆ, ಹೊಲಿಗೆ ಯಂತ್ರದ ಬಿಡಿಭಾಗ. ದಿನಕ್ಕೆ ನಲವತ್ತು ಲಾರಿ. ಯಾವ ಚಾಲಕ ಕಾಗದವನ್ನು ಎಣ್ಣೆಗೈಯಲ್ಲಿ ಹಿಡಿದು ತರುತ್ತಾನೆ, ಯಾವನು ಅಂಗಿಯೊಳಗಿಟ್ಟು ಬೆವರಲ್ಲಿ ತೋಯಿಸಿ ತರುತ್ತಾನೆ ಎಂಬುದೂ ಅವರಿಗೆ ಗೊತ್ತಿತ್ತು.

ಎರಡು ಭಾಷೆ ಬಲ್ಲವರೆಂದು ಚಾಲಕರು ಅವರಿಗೆ ತಮಾಷೆಗೆ ಇಟ್ಟ ಹೆಸರು ‘ಎರಡು ನಾಲಿಗೆಯಕ್ಕ’. ನಮ್ಮಲ್ಲಿ ಯಾರಿಗಾದರೂ ಎರಡು ನಾಲಿಗೆ ಎಂದರೆ ಅದು ಬೈಗುಳವೇ. ಅಕ್ಕ ಮಾತ್ರ ನಕ್ಕುಬಿಡುತ್ತಿದ್ದರು. “ಒಂದು ಸಂಬಳಕ್ಕೆ, ಇನ್ನೊಂದು ನಿಮ್ಮನ್ನ ಬೈಯೋಕೆ. ಸಾಲು ಬಿಟ್ಟು ನುಗ್ಗಿದ್ರೆ ಎರಡನ್ನೂ ಬಿಡ್ತೀನಿ ನೋಡಿ,” ಎನ್ನುತ್ತಿದ್ದರು.

ಆಚೆಯ ಭಾಷೆ ಅವರಿಗೆ ತಾಯಿಯಿಂದ ಬಂದದ್ದು. ಸೇತುವೆಗೆ ಗೇಟು ಇಲ್ಲದ ಕಾಲದಲ್ಲಿ, ದೋಣಿಯಲ್ಲಿ ಕೂತು ಈ ದಡಕ್ಕೆ ಮದುವೆಯಾಗಿ ಬಂದ ಹೆಂಗಸು ಆಕೆ. ಪ್ರೀತಿ ಬಂದಾಗ ಗಂಡನ ಮನೆಯ ಭಾಷೆ, ಸಿಟ್ಟು ಬಂದಾಗ ತವರಿನ ಭಾಷೆ. ಹಾಗಾಗಿ ಅಕ್ಕ ಮೊದಲು ಕಲಿತದ್ದು ಬೈಗುಳ. ಆಮೇಲೆ ಓದು ಬರಹ ಕಲಿತು, ಪರೀಕ್ಷೆ ಕಟ್ಟಿ, ಸುಂಕದ ಕಚೇರಿಗೆ ಬಂದರು. ಗಂಡ ಊರಿನ ನೀರು ಸರಬರಾಜಿನ ಪಂಪ್ ಹೌಸಿನಲ್ಲಿ ಕೆಲಸಕ್ಕಿದ್ದರು. ಒಬ್ಬಳೇ ಮಗಳು ಕಾಲೇಜಿನಲ್ಲಿ ಎರಡನೇ ವರ್ಷ ಓದುತ್ತಿದ್ದಳು. ಎರಡು ಕೋಣೆಯ ಮನೆ. ಅಡುಗೆಮನೆಯ ಕಿಟಕಿ ತೆರೆದರೆ ಸೇತುವೆಯ ಕಬ್ಬಿಣದ ಕಮಾನು ಕಾಣುತ್ತಿತ್ತು.

ಆ ವರ್ಷ ನದಿಯ ಮೇಲ್ಭಾಗದಲ್ಲಿ ಕಟ್ಟುತ್ತಿದ್ದ ಅಣೆಕಟ್ಟಿನ ವಿಚಾರಕ್ಕೆ ಎರಡು ಸರ್ಕಾರಗಳ ನಡುವೆ ಮಾತು ಕೆಟ್ಟಿತ್ತು. ಮೊದಲು ಪತ್ರ ವ್ಯವಹಾರ ನಿಂತಿತು. ಆಮೇಲೆ ಅವರು ತಮ್ಮ ರಾಯಭಾರಿಯನ್ನು ವಾಪಸು ಕರೆಸಿಕೊಂಡರು, ಒಂದು ವಾರಕ್ಕೆ ನಾವೂ ಕರೆಸಿಕೊಂಡೆವು. ನಮಗೆ ಅದೆಲ್ಲ ರೇಡಿಯೋದ ಸುದ್ದಿ. ಲಾರಿಗಳು ಎಂದಿನಂತೆ ಬರುತ್ತಿದ್ದವು, ಅಕ್ಕನ ಮೊಹರು ಎಂದಿನಂತೆ ಟಪ್ ಟಪ್ ಬೀಳುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ಬೆಳಿಗ್ಗೆ ನಮ್ಮ ಕಡೆಯ ಆರು ಜನ ಸೇತುವೆ ರಿಪೇರಿಯವರು ಕಬ್ಬಿಣದ ಜೋಡಣೆಯ ಪಟ್ಟಿಗಳನ್ನು ಬದಲಿಸಲು ಹೋದರು. ಸೇತುವೆಯ ನಟ್ಟನಡುವೆ ಒಂದು ಬಿಳಿ ಗೆರೆ ಎಳೆದಿದೆ. ಗೆರೆಯ ಆಚೆಗೂ ಹತ್ತು ಹೆಜ್ಜೆ ಹೋಗದೆ ಆ ಕೆಲಸ ಆಗುವುದಿಲ್ಲ. ಪ್ರತಿ ವರ್ಷ ಹೋಗುತ್ತಿದ್ದರು. ಆಚೆಯ ಕಾವಲಿನವರು ನೋಡಿಯೂ ನೋಡದವರಂತೆ ಇರುತ್ತಿದ್ದರು, ಕೆಲವು ಸಲ ಬೆಂಕಿಪೊಟ್ಟಣ ಕೇಳಿ ಪಡೆಯುತ್ತಲೂ ಇದ್ದರು. ಈ ಸಲ ಅಲ್ಲಿದ್ದವರು ಹೊಸ ಸೈನಿಕರು. ಆರೂ ಜನರನ್ನು ಹಿಡಿದುಕೊಂಡರು. ಕೂಗಾಟ ಎದ್ದಿತು, ಗುಂಡು ಹಾರಿತು. ಯಾರ ಬಂದೂಕು ಮೊದಲು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಆದರೆ ನಮ್ಮ ಕಡೆಯಿಂದ ಹೋದ ಒಂದು ಗುಂಡು ಆಚೆಯ ಗೇಟಿನ ಕಾವಲುಗಾರನಿಗೆ ತಗುಲಿತು. ವಯಸ್ಸಾದ ಮನುಷ್ಯ. ಮಧ್ಯಾಹ್ನದ ಹೊತ್ತಿಗೆ ತೀರಿಕೊಂಡನೆಂದು ಅವರ ರೇಡಿಯೋ ಹೇಳಿತು.

ಮಂಗಳವಾರ ಆಚೆ ದಡದ ಗುಡ್ಡದ ಮೇಲೆ ಫಿರಂಗಿಗಳು ಬಂದು ನಿಂತವು. ಬುಧವಾರ ನಮ್ಮ ಶಾಲೆಯ ಮೈದಾನದಲ್ಲಿ ನಮ್ಮವು ಬಂದು ನಿಂತವು. ನಾವು ಕಚೇರಿಯಲ್ಲಿ ಮೇಜುಗಳನ್ನು ಕಿಟಕಿಯಿಂದ ದೂರ ಎಳೆದುಕೊಂಡು ಸುಮ್ಮನೆ ಕುಳಿತಿದ್ದೆವು. ಗೇಟು ಮುಚ್ಚಿತ್ತು, ಒಂದು ಲಾರಿಯೂ ಇಲ್ಲ. ಹೊರಗೆ ಬಾಗಿಲು ಯಾರಾದರೂ ಜೋರಾಗಿ ಹಾಕಿದರೂ ಎಲ್ಲರ ಜೀವ ಬಾಯಿಗೆ ಬರುತ್ತಿತ್ತು. ಊರು ಅರ್ಧ ಖಾಲಿಯಾಯಿತು. ಹಾಸಿಗೆ, ಪಾತ್ರೆ, ಕೋಳಿ ಬುಟ್ಟಿ, ಮುದುಕರು, ಎಲ್ಲವನ್ನೂ ಹೇರಿಕೊಂಡ ಗಾಡಿಗಳು ರಾಜಧಾನಿಯ ಹೆದ್ದಾರಿಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು.

ಅಕ್ಕನ ಮನೆಯವರು ಹೋಗಲಿಲ್ಲ. ಗಂಡ ಹೋಗುವ ಹಾಗಿರಲಿಲ್ಲ. “ಪಂಪು ನಿಂತ್ರೆ ಬೆಂಕಿ ಬಿದ್ದಾಗ ಆರಿಸೋಕೆ ನೀರೆಲ್ಲಿ ಕಣೇ? ನೀನು ಮಗಳನ್ನ ಕರ್ಕೊಂಡು ಹೋಗು,” ಎಂದರು. “ನೀವಿಲ್ದೆ ನಾವೆಲ್ಲಿಗ್ರೀ ಹೋಗೋದು?” ಎಂದು ಅಕ್ಕ ಮಾತು ಮುಗಿಸಿದರು. ಮಹಡಿ ಮೆಟ್ಟಿಲಿನ ಕೆಳಗಿನ ಗೂಡು ಎಲ್ಲಕ್ಕಿಂತ ಗಟ್ಟಿ ಎಂದು ಯಾರೋ ಹೇಳಿದ್ದರಿಂದ ತಾಯಿ ಮಗಳು ಚಾಪೆಯನ್ನು ಅಲ್ಲಿಗೆ ಹಾಸಿಕೊಂಡರು. ಪೊರಕೆ, ಹಳೇ ಚಪ್ಪಲಿ, ಸೀಮೆಎಣ್ಣೆ ಡಬ್ಬಿ ಹೊರಗೆ ಹೋದವು. ತಾಯಿ ಮಗಳಿಬ್ಬರು ಒಳಗೆ ಬಂದರು.

ಮಗಳು ಅಲ್ಲಿಯೂ ಪುಸ್ತಕ ತೆರೆದಿದ್ದಳು. ಮುಂದಿನ ವಾರ ಅವಳ ಪರೀಕ್ಷೆ, ಅಂತರರಾಷ್ಟ್ರೀಯ ರಾಜಕೀಯದ ಪರಿಚಯ ಎಂಬ ವಿಷಯ. ಪರೀಕ್ಷೆ ನಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

“ಏನಂತೆ ಅದ್ರಲ್ಲಿ? ನಮ್ಮ ಗತಿ ಏನು ಅಂತ ಬರ್ದಿದಾರಾ?” ಎಂದು ಅಕ್ಕ ಕೇಳಿದರು.

“ದೇಶಗಳ ತಲೆ ಮೇಲೆ ಯಾರೂ ಇಲ್ವಂತಮ್ಮ. ನಾವಿಬ್ರು ಜಗಳ ಆಡಿದ್ರೆ ಪೊಲೀಸ್ ಬರ್ತಾರೆ, ಕೋರ್ಟಿದೆ. ದೇಶ ದೇಶ ಜಗಳ ಆಡಿದ್ರೆ ಕರೆಯೋಕೆ ಯಾರೂ ಇಲ್ಲ. ಅದಕ್ಕೇ ಪ್ರತಿಯೊಬ್ರೂ ತಮ್ಮ ಕಾವಲು ತಾವೇ ಮಾಡ್ಕೋಬೇಕು.”

“ಅದಕ್ಕೆ ಫಿರಂಗಿ ತಂದ್ರಾ?”

“ಹೂಂ. ಅವ್ರು ನಮಗೆ ಹೆದರಿ ತರ್ತಾರೆ. ಅದನ್ನ ನೋಡಿ ನಾವು ಹೆದರಿ ತರ್ತೀವಿ. ನಮ್ದು ನೋಡಿ ಅವ್ರು ಇನ್ನೂ ಹೆದರ್ತಾರೆ. ಯಾರಿಗೂ ಯುದ್ಧ ಬೇಡ ಅಂದ್ರೂ ಯುದ್ಧ ಆಗ್ಬಹುದಂತೆ. ಇದಕ್ಕೆ ಭದ್ರತೆಯ ಇಕ್ಕಟ್ಟು ಅಂತಾರೆ.”

ಅಕ್ಕ ಮೊಣಕಾಲು ತಬ್ಬಿಕೊಂಡರು. “ಇಕ್ಕಟ್ಟು ಅಂದ್ರೆ ಈ ಗೂಡು ಕಣೇ,” ಎಂದರು. “ಕಾಲು ಆ ಕಡೆ ತಗೋ.”

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ಜೀಪು ಬಂತು. ಸೈನಿಕನೊಬ್ಬ ಬಾಗಿಲು ಬಡಿದಾಗ ಅಕ್ಕ ತಲೆ ಬಾಚಿಕೊಳ್ಳುತ್ತಿದ್ದರು. ಬಾಚಣಿಗೆ ಕೈಯಲ್ಲೇ ಉಳಿಯಿತು. ಎರಡು ಕಡೆಯವರೂ ಸೇತುವೆಯ ಮಧ್ಯೆ ಕೂತು ಮಾತಾಡಲು ಒಪ್ಪಿದ್ದರು. ನಮ್ಮ ವಿದೇಶಾಂಗ ಇಲಾಖೆಯ ಅಧಿಕಾರಿ ಸೇನೆಯ ಹೆಲಿಕಾಪ್ಟರಿನಲ್ಲಿ ಬಂದಿಳಿದಿದ್ದರು. ಅವರ ದುಭಾಷಿ ಮಾತ್ರ ಹಿಂದಿನ ದಿನ ಕಾರಿನಲ್ಲಿ ಹೊರಟು, ಹೆದ್ದಾರಿಯ ಜನಸಾಗರದಲ್ಲಿ ಎಲ್ಲಿಯೋ ಸಿಕ್ಕಿಕೊಂಡಿದ್ದ. ಹನ್ನೊಂದು ಗಂಟೆಗೆ ಸಭೆ. ಸಂಜೆಯೊಳಗೆ ತೀರ್ಮಾನವಾಗದಿದ್ದರೆ ಮುಂದಿನದಕ್ಕೆ ತಾವು ಹೊಣೆಯಲ್ಲ ಎಂದು ಆಚೆಯವರು ಬರೆದು ಕಳಿಸಿದ್ದರು. ಆ ಭಾಷೆ ಬಲ್ಲವರು ಯಾರಿದ್ದಾರೆ ಎಂದು ಅಧಿಕಾರಿ ಕೇಳಿದಾಗ ನಮ್ಮ ಕಚೇರಿಯ ಮೇಲಧಿಕಾರಿಗೆ ನೆನಪಾದದ್ದು ಮೂರನೆಯ ಕಿಟಕಿ.

“ನಂಗೆ ಈರುಳ್ಳಿ ಗೊತ್ತು ಸಾರ್, ಸಿಮೆಂಟು ಗೊತ್ತು,” ಎಂದು ಅಕ್ಕ ಅಧಿಕಾರಿಯ ಎದುರು ನಿಂತು ಕೈ ಜೋಡಿಸಿದರಂತೆ. “ಸರ್ಕಾರ ಸರ್ಕಾರ ಮಾತಾಡೋ ಪದ ನಂಗೆ ಗೊತ್ತಿಲ್ಲ. ದಮ್ಮಯ್ಯ, ಬೇರೆ ಯಾರನ್ನಾದ್ರೂ ನೋಡಿ.”

“ಬೇರೆ ಯಾರಿದಾರೆ, ಹೇಳಿ?” ಎಂದರು ಅಧಿಕಾರಿ. ಐವತ್ತರ ಆಸುಪಾಸಿನ ಮನುಷ್ಯ. ಬಿಳಿ ಅಂಗಿಯ ಕಾಲರಿನಲ್ಲಿ ಎರಡು ದಿನದ ಕೊಳೆ. ಅಕ್ಕನ ಕೈಗೆ ಒಂದು ಟೈಪು ಮಾಡಿದ ಹಾಳೆ ಕೊಟ್ಟರು, ರಾಜಧಾನಿಯಿಂದ ಬಂದ ಪದಪಟ್ಟಿ. ಎಡಕ್ಕೆ ನಮ್ಮ ಪದ, ಬಲಕ್ಕೆ ಅವರದು. “ನೀವು ಒಂದು ಕೊಳವೆ ಇದ್ದ ಹಾಗೆ, ತಿಳೀತಾ? ನಾನು ಈ ತುದೀಲಿ ಸುರಿದದ್ದು ಆ ತುದೀಲಿ ಹಾಗೇ ಬೀಳ್ಬೇಕು. ನಿಮ್ಮ ಸ್ವಂತದ್ದು ಒಂದು ತೊಟ್ಟೂ ಬೇಡ.”

ದಿನಾ ಸೋರುವ ಕೊಳವೆಗಳ ಕಥೆಯನ್ನೇ ಗಂಡನ ಬಾಯಲ್ಲಿ ಕೇಳಿದ ಹೆಂಗಸಿಗೆ ಆ ಮಾತು ಧೈರ್ಯ ಕೊಡಲಿಲ್ಲ. ಗಂಡನಿಗೆ ಹೇಳಿಹೋಗಲು ಪಂಪ್ ಹೌಸಿನ ಮುಂದೆ ಎರಡು ನಿಮಿಷ ಜೀಪು ನಿಲ್ಲಿಸಿದರು. ಆತ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ಬಂದು, ವಿಷಯ ಕೇಳಿ, “ಊಟ ಮಾಡಿದ್ಯಾ?” ಎಂದರು. ಬೆಳಿಗ್ಗೆ ಒಂಬತ್ತು ಗಂಟೆ. “ಹೂಂ,” ಎಂದು ಅಕ್ಕ ಸುಳ್ಳು ಹೇಳಿದರು.

ಸೇತುವೆಯ ಮೇಲೆ ನಡೆದದ್ದನ್ನು ಅಕ್ಕ ನನಗೆ ಎಷ್ಟೋ ತಿಂಗಳ ಮೇಲೆ, ಬಿಡಿಬಿಡಿಯಾಗಿ ಹೇಳಿದರು.

ಗೇಟಿನಿಂದ ಬಿಳಿ ಗೆರೆಯವರೆಗೆ ಮುನ್ನೂರು ಹೆಜ್ಜೆ. ಅಷ್ಟು ದೂರ ನಡೆಯುವಾಗ ಅಕ್ಕನಿಗೆ ಗುಡ್ಡದ ಮೇಲಿನ ಫಿರಂಗಿಗಳ ಬಾಯಿ ನೇರವಾಗಿ ಕಾಣುತ್ತಿತ್ತು. ಅವರು ಕಣ್ಣನ್ನು ಅಧಿಕಾರಿಯ ಬೂಟಿನ ಹಿಮ್ಮಡಿಯ ಮೇಲೆ ನೆಟ್ಟು ನಡೆದರು. ಗೆರೆಯ ಮೇಲೆ ಸರಿಯಾಗಿ ಅರ್ಧ ಇತ್ತ ಅರ್ಧ ಅತ್ತ ಬರುವಂತೆ ಒಂದು ಉದ್ದನೆಯ ಮೇಜು ಇಟ್ಟಿದ್ದರು. ಮೇಲೆ ಟಾರ್ಪಾಲು. ಗಾಳಿಗೆ ಕಾಗದ ಹಾರಬಾರದೆಂದು ನಾವು ಒಂದು ಕಲ್ಲು ತಂದಿದ್ದರೆ ಅವರೂ ಒಂದು ಕಲ್ಲು ತಂದಿದ್ದರು. ಕುಡಿಯುವ ನೀರೂ ಬೇರೆ ಬೇರೆ. ಎರಡು ಕಡೆಗೂ ಹತ್ತು ಹತ್ತು ಸೈನಿಕರು ಬಂದೂಕು ಹಿಡಿದು ನಿಂತಿದ್ದರು.

ಎದುರಿಗೆ ಆಚೆಯ ಸೇನಾಧಿಕಾರಿ ಕುಳಿತಿದ್ದ, ಕಡ್ಡಿ ಮುರಿದಂತೆ ಮಾತಾಡುವವನು. ಅವನ ಪಕ್ಕ ಅವರ ದುಭಾಷಿ, ದಪ್ಪ ಕನ್ನಡಕದ ಮುದುಕರು, ನಿವೃತ್ತ ಶಾಲಾ ಮೇಷ್ಟರು. ಇಂಥ ಸಭೆಗಳಲ್ಲಿ ಪ್ರತಿ ಕಡೆಯವರೂ ತಮ್ಮ ದುಭಾಷಿಯನ್ನು ತರುತ್ತಾರೆ. ನಮ್ಮವರ ಮಾತನ್ನು ಅವರ ಭಾಷೆಯಲ್ಲಿ ಹೇಳುವುದು ನಮ್ಮ ದುಭಾಷಿ, ಅವರ ಮಾತನ್ನು ನಮಗೆ ಹೇಳುವುದು ಅವರ ದುಭಾಷಿ. ಒಬ್ಬರು ತಪ್ಪಿದರೆ ಇನ್ನೊಬ್ಬರು ಹಿಡಿಯಬಹುದು.

ಮೊದಲ ಒಂದು ಗಂಟೆ ಹೇಗೋ ಸಾಗಿತು. ಗೆರೆ ದಾಟಿದ್ದು ಎಷ್ಟು ಹೆಜ್ಜೆ, ಹೊತ್ತು ಎಷ್ಟು, ಗುಂಡು ಎಷ್ಟು. ಎಣಿಕೆಯ ಮಾತು ಅಕ್ಕನಿಗೆ ನೀರು ಕುಡಿದಷ್ಟು ಸುಲಭ.

ಆಮೇಲೆ ಸತ್ತ ಕಾವಲುಗಾರನ ವಿಷಯ ಬಂತು. “ನಿಮ್ಮ ಸರ್ಕಾರ ಕ್ಷಮೆ ಕೇಳಬೇಕು. ಕೇಳಿದ ಗಳಿಗೆಯಲ್ಲೇ ನಿಮ್ಮ ಆರು ಜನ ವಾಪಸು,” ಎಂದು ಮೇಷ್ಟರು ಅವರ ಸೇನಾಧಿಕಾರಿಯ ಮಾತನ್ನು ನಮ್ಮ ಭಾಷೆಗೆ ತಂದರು.

ನಮ್ಮ ಅಧಿಕಾರಿಗೆ ರಾಜಧಾನಿಯಿಂದ ಬಂದ ಅಪ್ಪಣೆ ಸ್ಪಷ್ಟವಾಗಿತ್ತು: ವಿಷಾದ ಎನ್ನಬೇಕು, ಕ್ಷಮೆ ಎನ್ನಬಾರದು. ಕ್ಷಮೆ ಎಂದರೆ ಮೊದಲ ಗುಂಡು ನಮ್ಮದೇ ಎಂದು ಒಪ್ಪಿದಂತೆ. ಅವರು ಕೆಮ್ಮಿ, “ಈ ಘಟನೆಗಾಗಿ ನಮ್ಮ ಸರ್ಕಾರ ವಿಷಾದಿಸುತ್ತದೆ,” ಎಂದರು.

ಅಕ್ಕ ಪದಪಟ್ಟಿ ನೋಡಿದರು. ವಿಷಾದದ ಎದುರಿಗೆ ಒಂದು ಸಣ್ಣ ಪದ ಇತ್ತು. ಅದು ಆಚೆ ದಡದಲ್ಲಿ ಬೋರ್ಡಿನ ಮೇಲೆ ಬರೆಯುವ ಪದ. ಇವತ್ತು ದೋಣಿ ಹೊರಡುವುದಿಲ್ಲ, ವಿಷಾದ. ಸಕ್ಕರೆ ಮುಗಿದಿದೆ, ವಿಷಾದ. ಸತ್ತ ಮನುಷ್ಯನ ವಿಷಯದಲ್ಲಿ ಅದನ್ನು ಯಾರೂ ಬಾಯಿಗೆ ತರುವುದಿಲ್ಲ. ಆದರೆ ತಾನು ಕೊಳವೆ. ಸ್ವಂತದ್ದು ಒಂದು ತೊಟ್ಟೂ ಬೇಡ. ಅಕ್ಕ ಕಣ್ಣು ಮುಚ್ಚಿಕೊಂಡವರಂತೆ ಆ ಪದವನ್ನೇ ಹೇಳಿಬಿಟ್ಟರು.

ಸೇನಾಧಿಕಾರಿಯ ಮುಖದಿಂದ ರಕ್ತ ಇಳಿದು ಮತ್ತೆ ಏರಿತು. ಕುರ್ಚಿಯನ್ನು ಕಿರ್ರೆಂದು ಹಿಂದಕ್ಕೆ ತಳ್ಳಿ ಎದ್ದು ನಿಂತ. ಅವನ ಹಿಂದೆ ಹತ್ತು ಬಂದೂಕುಗಳು ಅಲುಗಿದವು. ಅದನ್ನು ಕಂಡು ನಮ್ಮ ಹತ್ತೂ ಅಲುಗಿದವು. ಮೇಷ್ಟರ ಕನ್ನಡಕದ ಹಿಂದಿನ ಕಣ್ಣು ಅಕ್ಕನನ್ನು ಅಂಗಲಾಚುವಂತೆ ನೋಡಿತು.

“ಆಗ ನಂಗೆ ಏನು ಕಾಣಿಸ್ತು ಗೊತ್ತಾ?” ಎಂದು ಅಕ್ಕ ನನಗೆ ಹೇಳಿದ್ದರು. “ಮೇಜಿನ ಕೆಳಗೆ ನಮ್ಮ ಸಾಹೇಬ್ರ ಮೊಣಕಾಲು ಗಡಗಡ ಅಂತ ಅಲ್ಲಾಡ್ತಿತ್ತು. ಮೇಲೆ ಮುಖ ಮಾತ್ರ ಗೋಡೆ. ಎದುರಿನವನು ಸಿಟ್ಟಲ್ಲಿ ಎದ್ದನಲ್ಲ, ಅವನ ಕೈಯಲ್ಲೂ ಟೋಪಿ ನಡುಗ್ತಿತ್ತು. ಅವನು ಎದ್ದುಹೋದ್ರೆ ಅವನಿಗೂ ವಾಪಸು ಬಂದು ಕೂರೋಕೆ ದಾರಿ ಇರ್ಲಿಲ್ಲ ಕಣಪ್ಪ.”

ಆಗ ಅಕ್ಕನ ಬಾಯಿಂದ ಮಾತು ಹೊರಟಿತು. ಆಚೆಯ ಭಾಷೆಯಲ್ಲಿ, ಯಾರ ಅಪ್ಪಣೆಯೂ ಇಲ್ಲದೆ. “ತಪ್ಪು ನನ್ನದು. ನಮ್ಮ ಸಾಹೇಬರು ಹೇಳಿದ್ದು ಆ ಪದವಲ್ಲ. ನಾನು ಲಾರಿ ಕಾಗದ ಬರೆಯುವವಳು, ದೊಡ್ಡವರ ಮಾತು ಬರುವುದಿಲ್ಲ. ನನ್ನನ್ನು ಬೈಯಿರಿ. ದಯವಿಟ್ಟು ಕುಳಿತುಕೊಳ್ಳಿ, ಇನ್ನೊಮ್ಮೆ ಹೇಳುತ್ತೇನೆ.”

ಆತ ಕುಳಿತುಕೊಳ್ಳಲಿಲ್ಲ, ಹೋಗಲೂ ಇಲ್ಲ. ನಮ್ಮ ಅಧಿಕಾರಿ ಹಲ್ಲು ಕಚ್ಚಿ, “ಏನ್ ಹೇಳ್ತಿದೀರಿ? ನಾನು ಬಾಯೇ ಬಿಟ್ಟಿಲ್ವಲ್ಲ!” ಎಂದು ಪಿಸುಗುಟ್ಟಿದರು.

ಅಕ್ಕನ ತಲೆಯಲ್ಲಿ ಎರಡು ಪದ ತಿರುಗುತ್ತಿದ್ದವು. ಒಂದು ಈಗ ಆಡಿ ಕೆಟ್ಟದ್ದು. ಇನ್ನೊಂದು ಅವರ ದೊಡ್ಡ ಪದ, ತಲೆ ತಗ್ಗಿಸಿ ಅಪರಾಧ ಒಪ್ಪಿಕೊಳ್ಳುವಾಗ ಹೇಳುವುದು. ಅದನ್ನು ಹೇಳಿದರೆ ನಾಳೆ ತನ್ನನ್ನೇ ದೇಶದ್ರೋಹಿ ಎನ್ನುತ್ತಾರೆ. ಇವೆರಡರ ನಡುವೆ, ಕೈ ಬೆರಳುಗಳಿಗೆ ಅಭ್ಯಾಸವಾಗಿಹೋಗಿದ್ದ ಮೂರನೆಯದೊಂದು ಪದ ಇತ್ತು. ವಾರಕ್ಕೆ ನಾಲ್ಕು ಸಲ ಅವರು ಅದನ್ನು ಬರೆಯುತ್ತಿದ್ದರು. ಗಾಜಿನ ಹಾಳೆ ನಮ್ಮ ಗೋದಾಮಿನಲ್ಲಿದ್ದಾಗ ಒಡೆದರೆ, ಒಡೆದವರು ಯಾರೆಂದು ಗೊತ್ತಿಲ್ಲದಿದ್ದರೆ, ಆಚೆಯ ವ್ಯಾಪಾರಿಗೆ ಕಳಿಸುವ ಪತ್ರದ ಮೊದಲ ಪದ ಅದು. ‘ನಮ್ಮ ನೆರಳಿನಲ್ಲಿದ್ದಾಗ ಹೀಗಾಯಿತು, ಅದರ ಭಾರ ನಮ್ಮ ಮೇಲಿದೆ’ ಎಂದು ಅದರ ಅರ್ಥ. ತಾಯಿಯೂ ಒಮ್ಮೆ ಅದನ್ನು ಆಡಿದ್ದಳು, ಅವಳ ಕೈಯಲ್ಲಿದ್ದ ಪಕ್ಕದ ಮನೆಯ ಕೂಸು ಜಾರಿ ಬಿದ್ದಾಗ.

ಅಕ್ಕ ಅಧಿಕಾರಿಯ ಕಡೆ ತಿರುಗಿದರು. “ಸಾರ್, ಪಟ್ಟಿಯಲ್ಲಿರೋ ಪದ ಅವ್ರಿಗೆ ಅವಮಾನ. ಸಕ್ಕರೆ ಮುಗಿದ್ರೆ ಹೇಳೋ ಪದ ಅದು. ಇನ್ನೊಂದಿದೆ. ನೀವು ಹೂಂ ಅಂದ್ರೆ ಹೇಳ್ತೀನಿ.”

“ಅದ್ರಲ್ಲಿ ತಪ್ಪೊಪ್ಪಿಗೆ ಇದೆಯಾ?”

“ಇಲ್ಲ ಸಾರ್. ಸಾವಿನ ಭಾರ ಇದೆ. ತಪ್ಪು ಯಾರ್ದು ಅನ್ನೋ ಮಾತೇ ಇಲ್ಲ.”

“ಖಂಡಿತವಾಗಿ?”

ಅಕ್ಕನಿಗೆ ಆ ಕ್ಷಣದಲ್ಲಿ ಯಾವುದೂ ಖಂಡಿತವಿರಲಿಲ್ಲ. ಎದುರಿನಿಂದ ಮೇಷ್ಟರು ನಮ್ಮ ಭಾಷೆಯಲ್ಲಿ, ಯಾರನ್ನೂ ನೋಡದೆ, ಮೇಜಿನ ಕಲ್ಲಿಗೆ ಹೇಳುವಂತೆ ಹೇಳಿದರು: “ಆಯಮ್ಮ ಯಾವ ಪದ ಹೇಳ್ತಾರೋ ನಂಗೆ ಗೊತ್ತು ಅನ್ಸುತ್ತೆ. ಅದಾದ್ರೆ ಸರಿಯಾದ ಪದ. ನಮ್ಮ ಮನೇಲಿ ಯಾರಾದ್ರೂ ಸತ್ತಿದ್ರೆ ನಾನು ಅದನ್ನ ಸ್ವೀಕಾರ ಮಾಡ್ತಿದ್ದೆ.”

ಅವರೂ ಆಡಬಾರದ ಮಾತು ಅದು. ಅವರ ಹಣೆಯಿಂದ ಬೆವರು ಕನ್ನಡಕದೊಳಗೆ ಇಳಿಯುತ್ತಿತ್ತು.

ನಮ್ಮ ಅಧಿಕಾರಿ ಒಂದು ಉಸಿರು ಬಿಟ್ಟು, “ಹೇಳಿ,” ಎಂದರು.

ಅಕ್ಕ ಹೇಳಿದರು. ಟಾರ್ಪಾಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಗಾಳಿಯಲ್ಲಿ ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದರು. ಸೇನಾಧಿಕಾರಿ ಅವರನ್ನೇ ದಿಟ್ಟಿಸಿ, ಮೊದಲ ಬಾರಿಗೆ ನೇರವಾಗಿ ಅವರೊಡನೆ ಮಾತಾಡಿದ. “ಈ ಪದ ನಿನಗೆ ಯಾರು ಕಲಿಸಿದರು?”

“ಒಡೆದ ಗಾಜು ಸ್ವಾಮಿ,” ಎಂದರು ಅಕ್ಕ. ಸುಳ್ಳು ಹೇಳಲು ತಲೆ ಓಡಿರಲಿಲ್ಲ.

ಆತ ಟೋಪಿಯನ್ನು ಮೇಜಿನ ಮೇಲಿಟ್ಟು ಕುಳಿತ. ಮಾತು ಮತ್ತೆ ಎರಡು ಗಂಟೆ ನಡೆಯಿತು. ಕಾಗದ ಎರಡು ಭಾಷೆಯಲ್ಲಿ ಸಿದ್ಧವಾಯಿತು. ನಮ್ಮದರಲ್ಲಿ ‘ವಿಷಾದ’, ಅವರದರಲ್ಲಿ ಅಕ್ಕನ ಪದ. ಎರಡಕ್ಕೂ ಸಮಾನ ಬೆಲೆ ಎಂದು ಕೆಳಗೆ ಬರೆದರು. ಮೂರೂವರೆಗೆ ಆರು ಜನ ರಿಪೇರಿಯವರು ಗೆರೆ ದಾಟಿ ಬಂದರು. ಅವರಲ್ಲೊಬ್ಬ ನಾಲ್ಕು ದಿನ ಕೂಡಿಹಾಕಿಸಿಕೊಂಡಿದ್ದರೂ ತನ್ನ ಸ್ಪ್ಯಾನರನ್ನು ಬಿಟ್ಟಿರಲಿಲ್ಲ. ವಾಪಸು ಗೇಟು ತಲುಪಿದ ಮೇಲೆ ಅಕ್ಕ ಮರಳಿನ ಚೀಲವೊಂದಕ್ಕೆ ಒರಗಿ, ಖಾಲಿ ಹೊಟ್ಟೆಯಿಂದ ಹುಳಿ ನೀರು ಕಕ್ಕಿದರು. ಬೆನ್ನು ಸವರಿ ನೀರು ಕೊಟ್ಟವನು ನಾನೇ.

ಅದಾದ ನಾಲ್ಕನೆಯ ದಿನ ಫಿರಂಗಿಗಳು ಹಿಂದಕ್ಕೆ ಸರಿದವು. ಊರಿನವರು ಹಾಸಿಗೆ ಹೊತ್ತುಕೊಂಡು ವಾಪಸು ಬಂದರು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಆಚೆಯ ಪತ್ರಿಕೆಗಳು ‘ಅವರು ಕ್ಷಮೆ ಕೇಳಿದರು’ ಎಂದು ದಪ್ಪಕ್ಷರದಲ್ಲಿ ಬರೆದವು. ಅದನ್ನು ಓದಿ ನಮ್ಮ ರಾಜಧಾನಿಯಲ್ಲಿ ಗದ್ದಲವಾಯಿತು. ಆ ಪದ ಯಾರದು? ಪದಪಟ್ಟಿಯಲ್ಲಿ ಇಲ್ಲದ ಪದ ಹೇಗೆ ಬಂತು?

ರಾಜಧಾನಿಯಿಂದ ಇಬ್ಬರು ತನಿಖೆಯವರು ಬಂದರು. ನಮ್ಮ ದಾಸ್ತಾನು ಕೋಣೆಯಲ್ಲಿ ಮೇಜು ಹಾಕಿಸಿಕೊಂಡು ಮೂರು ದಿನ, ಹತ್ತರಿಂದ ಐದರವರೆಗೆ, ಅಕ್ಕನನ್ನು ವಿಚಾರಿಸಿದರು. ನಿಮ್ಮ ತಾಯಿ ಹುಟ್ಟಿದ್ದೆಲ್ಲಿ? ಆ ಕಡೆ ನೆಂಟರು ಯಾರಿದ್ದಾರೆ? ಆ ಮುದುಕ ದುಭಾಷಿ ಮೊದಲೇ ಪರಿಚಯವೇ? ‘ತಪ್ಪು ನನ್ನದು’ ಎಂದಿರಲ್ಲ, ‘ನಾನು’ ಅಂದರೆ ಯಾರು, ನೀವೋ ಸರ್ಕಾರವೋ? ಅದೇ ಪ್ರಶ್ನೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಸೇತುವೆಯ ಮೇಲಾದರೂ ಗುಂಡು ಯಾವ ದಿಕ್ಕಿನಿಂದ ಬರುತ್ತದೆಂದು ಗೊತ್ತಿತ್ತು, ಆ ಕೋಣೆಯಲ್ಲಿ ಅದೂ ಗೊತ್ತಾಗುತ್ತಿರಲಿಲ್ಲ ಎಂದು ಅಕ್ಕ ಹೇಳುತ್ತಿದ್ದರು. ಕೊನೆಗೆ, ಅನುಮತಿಯಿಲ್ಲದೆ ಮಾತು ಸೇರಿಸಿದ್ದಕ್ಕೆ ಎಚ್ಚರಿಕೆ ಎಂಬ ಪತ್ರಕ್ಕೆ ಸಹಿ ಹಾಕಿಸಿಕೊಂಡು, ಕಿಟಕಿಯಿಂದ ತೆಗೆದು ಹಳೇ ಕಡತಗಳ ಕೋಣೆಗೆ ಹಾಕಿದರು. ಆ ವಿದೇಶಾಂಗ ಅಧಿಕಾರಿ ‘ಹೇಳಲು ನಾನೇ ಅನುಮತಿಸಿದೆ’ ಎಂದು ಬರೆದುಕೊಟ್ಟಿದ್ದರಿಂದ ಕೆಲಸ ಉಳಿಯಿತು ಎಂದು ಆಮೇಲೆ ತಿಳಿಯಿತು.

ಅಷ್ಟು ದಿನ ತಮಾಷೆಯಾಗಿದ್ದ ಹೆಸರು ಬೈಗುಳವಾಯಿತು. ಒಂದು ಬೆಳಿಗ್ಗೆ ಅವರ ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ‘ಎರಡು ನಾಲಿಗೆ’ ಎಂದು ಯಾರೋ ಬರೆದಿದ್ದರು. ಗಂಡ ಸುಣ್ಣ ಕಲಸಿ ಬಳಿದರು. ಎರಡು ದಿನಕ್ಕೆ ಮತ್ತೆ ಬರೆದರು. ಮತ್ತೆ ಬಳಿದರು. ಮಗಳು ಒಬ್ಬಳೇ ಕಾಲೇಜಿಗೆ ಹೋಗಲು ಹೆದರಿದಳು. ಅವಳನ್ನು ಬಿಟ್ಟು ಕರೆತರಲು ಅಕ್ಕನೇ ಹೋಗಿಬರುತ್ತಿದ್ದರು, ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತ.

ನಾನೂ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಇಬ್ಬರು ಬಂದುಹೋದ ಮೇಲೆ ನಾನು ಅಕ್ಕನ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟೆ. ಕಡತದ ಕೋಣೆಯ ಮುಂದೆ ಹಾದುಹೋಗುವಾಗ ಕೈಯಲ್ಲಿ ಏನಾದರೂ ಕಾಗದ ಹಿಡಿದು ಓದುತ್ತಿರುವವನಂತೆ ಹೋಗುತ್ತಿದ್ದೆ. ನನಗೂ ಮನೆಮಠ ಇದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೆದರಿಕೆ ದೇಶದ ಗಡಿಯಲ್ಲಿ ಮಾತ್ರ ಇರುವುದಿಲ್ಲ.

ಐದು ತಿಂಗಳಿಗೆ ಅಣೆಕಟ್ಟಿನ ಮಾತುಕತೆ ಮತ್ತೆ ಶುರುವಾಗಿ, ಅಲ್ಲಿಯವರೆಗೂ ಮುಚ್ಚಿಯೇ ಇದ್ದ ಗೇಟು ತೆರೆಯಿತು. ಮೊದಲ ದಿನವೇ ಇನ್ನೂರು ಲಾರಿ. ಮೂರನೆಯ ಕಿಟಕಿಗೆ ಹಾಕಿದ್ದ ಹೊಸಬ ಆಚೆಯ ಕಾಗದ ಹಿಡಿದು ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ಟೊಮೇಟೊ ಎಂದು ಬರೆದದ್ದನ್ನು ಟಯರು ಎಂದು ಓದಿ ಒಂದು ಲಾರಿಯನ್ನು ಬಿಸಿಲಲ್ಲಿ ಎರಡು ದಿನ ನಿಲ್ಲಿಸಿದ. ವಾಸನೆ ಮೇಲಧಿಕಾರಿಯ ಕೋಣೆಗೇ ಬಂದಾಗ, ಅವರು ತಾವೇ ಎದ್ದು ಕಡತದ ಕೋಣೆಗೆ ಹೋದರು. “ಬನ್ನಿ ಅಮ್ಮ, ನಿಮ್ಮ ಜಾಗಕ್ಕೆ ಬನ್ನಿ. ಆದದ್ದಾಯ್ತು,” ಎಂದರು.

“ಬರಹದಲ್ಲಿ ಕೊಡಿ ಸಾರ್,” ಎಂದರು ಅಕ್ಕ. ಕೊಟ್ಟ ಮೇಲೆಯೇ ಎದ್ದರು.

ಆ ಮಧ್ಯಾಹ್ನ ನಾನು ಊಟದ ಡಬ್ಬಿ ಹಿಡಿದು ಅವರ ಮುಂದೆ ನಿಂತೆ. ಅಕ್ಕ ಪಕ್ಕದ ಕುರ್ಚಿಯ ಮೇಲಿದ್ದ ಕಾಗದದ ಕಟ್ಟನ್ನು ಎತ್ತಿ ಕೆಳಗಿಟ್ಟರು. “ಕೂತ್ಕೋ. ನೀನು ಹೆದರಿದ್ದೆ ಅಂತ ಗೊತ್ತು. ನಾನು ಹೆದರಿದ ಹಾಗೆ ನೀನೂ,” ಎಂದರು. ಸೇತುವೆಯ ಮೇಲಿನ ಕಥೆ ಹೇಳಲು ಶುರುಮಾಡಿದ್ದು ಆವತ್ತೇ.

ಹೆದರಿಕೆ ಅವರನ್ನು ಬಿಟ್ಟುಹೋಗಲಿಲ್ಲ. ಎಷ್ಟೋ ವರ್ಷ ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿರಲಿಲ್ಲ. ಯಾವ ಪದ ಬರೆದರೂ ಅಡಿಯಲ್ಲಿ ಒಂದು ಗೀಟು ಎಳೆದು ಇನ್ನೊಮ್ಮೆ ನೋಡುತ್ತಿದ್ದರು. ನಿವೃತ್ತಿಗೆ ಒಂದು ವರ್ಷ ಇರುವಾಗ ಗೇಟಿನ ಬಳಿ ಸಿಮೆಂಟು ಲಾರಿಯೊಂದರ ಟಯರು ಢಮ್ಮೆಂದು ಒಡೆಯಿತು. ನಾವೆಲ್ಲ ಬೆಚ್ಚಿ ತಿರುಗಿ ನೋಡುವಷ್ಟರಲ್ಲಿ ಮೂರನೆಯ ಕಿಟಕಿಯಲ್ಲಿ ಅಕ್ಕ ಇರಲಿಲ್ಲ, ಮೇಜಿನ ಕೆಳಗೆ ಇದ್ದರು. ಸಾಲಿನಲ್ಲಿದ್ದ ಚಾಲಕರು ಗೊಳ್ಳೆಂದು ನಕ್ಕರು. ಕೆಳಗಿನಿಂದ ಅಕ್ಕನ ನಗುವೂ ಕೇಳಿತು, ಸ್ವಲ್ಪ ನಡುಗುತ್ತಿದ್ದ ನಗು. ಮೇಲೆ ಬರುವ ಅವಸರವನ್ನೇನೂ ಅವರು ತೋರಿಸಲಿಲ್ಲ. ಒಂದು ಕೈ ಮಾತ್ರ ಮೇಲೆ ಬಂದು ಮೇಜಿನ ಅಂಚನ್ನು ತಡವಿತು.

“ಮುಂದಿನವರು ಯಾರು? ಕಾಗದ ಕೊಡಿ,” ಎಂದರು.